ಗಣಕಯಂತ್ರ ಕೂಗಿದಾಗ



ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲೇ ಗಣಕಯಂತ್ರ ಜೋಡಿಸಿದ್ದೀರಿ ಎನ್ನೋಣ. ಜನವರಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಏಪ್ರಿಲ್‌ನ ಒಂದು ಮಧ್ಯಾಹ್ನ, ಕಾಲೇಜಿಗೆ ಒಪ್ಪಿಸಬೇಕಾದ ವರದಿ ಮುಕ್ಕಾಲು ಮುಗಿದಿರುವಾಗ, ಪೆಟ್ಟಿಗೆಯೊಳಗಿಂದ ಬೀಪ್ ಸದ್ದು. ನೀವು ಗಾಬರಿಯಾಗಿ ನೋಡುವಷ್ಟರಲ್ಲಿ ಯಂತ್ರ ತಾನಾಗಿ ಆರಿತು. ಬರೆದದ್ದೂ ಹೋಯಿತು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಈ ಪಾಡು ಬೆಂಗಳೂರಿನವರಿಗಿಂತ ಬೇಗ ಬರುತ್ತದೆ. ಏಕೆಂದು ನೋಡೋಣ.

ಪ್ರೊಸೆಸರ್ ಬಳಸುವ ವಿದ್ಯುತ್ತು ಬಹುಮಟ್ಟಿಗೆ ಪೂರ್ತಿಯಾಗಿ ಶಾಖವಾಗುತ್ತದೆ. ಅದರ ಮೇಲಿನ ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳು ಆ ಶಾಖವನ್ನು ಹೀರುತ್ತವೆ. ಫ್ಯಾನ್ ಅದನ್ನು ಗಾಳಿಗೆ ದಾಟಿಸುತ್ತದೆ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ನೂಕುತ್ತದೆ ಅಷ್ಟೆ. ಹಾಗಾಗಿ ಪ್ರೊಸೆಸರ್ ಕೋಣೆಗಿಂತ ತಂಪಾಗಲಾರದು. (ನಮ್ಮ ಸ್ಟುಡಿಯೋದ ಎ.ಸಿ. ಕಲಾವಿದರ ಸುಖಕ್ಕೆಂದು ಹಲವರು ತಿಳಿದಿದ್ದಾರೆ. ಯಂತ್ರಗಳಿಗೂ ಅದು ಬೇಕು.)

ಆದ್ದರಿಂದ ಒಂದು ಲೆಕ್ಕ ಮಾಡಿ. ಕೋಣೆ 26 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪ್ರೊಸೆಸರ್ 68 ತೋರಿಸಿತು, ಏರಿಕೆ 42. ಕೋಣೆ 39ಕ್ಕೆ ಹೋದಾಗ ಅದೇ ಕೆಲಸಕ್ಕೆ 81 ಬಂದರೆ ಏರಿಕೆ ಅಷ್ಟೇ ಇದೆ. ಯಂತ್ರ ಕೆಟ್ಟಿಲ್ಲ, ಬಿಸಿಲು ಏರಿದೆ. ಅದನ್ನು ಗೋಡೆಯಿಂದ ದೂರ ಸರಿಸಿ, ಭಾರದ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಏರಿಕೆಯೇ 58 ಆಗಿದ್ದರೆ? ಆಗ ಪ್ರೊಸೆಸರ್ 97 ಮುಟ್ಟುತ್ತದೆ. ಶಾಖ ಹೊರಬರುವ ದಾರಿ ಎಲ್ಲೋ ಕಟ್ಟಿದೆ.

ಮೊದಲು ದೂಳನ್ನು ಸಂಶಯಿಸಿ. ನಿಮ್ಮದು ಮಳೆ ಕಡಿಮೆಯ ಸೀಮೆ. ಗಾಳಿಯೆದ್ದರೆ ಮಣ್ಣು ಮನೆಯೊಳಗೇ. ಮೊಳಕಾಲ್ಮೂರಿನಲ್ಲಿ ಮಗ್ಗದ ಪಕ್ಕದಲ್ಲೇ ಗಣಕವಿಟ್ಟರೆ ರೇಷ್ಮೆಯ ಸಣ್ಣ ನವಿರೂ ಸೇರಿಕೊಂಡು ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರಬಹುದು. ವಿದ್ಯುತ್ ತಂತಿ ಕಿತ್ತು, ಯಂತ್ರ ಆರಿದ ಮೇಲೆ, ಮೆತ್ತನೆಯ ಕುಂಚದಿಂದ ತೆಗೆಯಿರಿ. ಗಾಳಿ ಊದುವಾಗ ಫ್ಯಾನನ್ನು ಬೆರಳಿಂದ ಹಿಡಿದಿರಿ. ಬಿಟ್ಟರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾದೀತು.

ದೂಳು ತೆಗೆದರೂ ಏರಿಕೆ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ನೋಡಿ. ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಸೂಕ್ಷ್ಮ ಸಂದುಗಳಿರುತ್ತವೆ. ಅಲ್ಲಿ ಗಾಳಿ ಉಳಿದರೆ ಶಾಖ ದಾಟದು. ಪೇಸ್ಟ್ ಆ ಸಂದನ್ನು ತುಂಬುತ್ತದೆ. ಒಣಗಿದ್ದನ್ನು ಒರೆಸಿ, ತೊಗರಿ ಕಾಳಿನಷ್ಟು ಹೊಸದನ್ನು ಇಟ್ಟು, ಹೀಟ್‌ಸಿಂಕ್‌ನ ನಾಲ್ಕೂ ಮೂಲೆಗಳನ್ನು ಸಮನಾಗಿ ಬಿಗಿಯಿರಿ. ಮನೆಯಲ್ಲಿ ಜೋಡಿಸಿದ ಯಂತ್ರಗಳಲ್ಲಿ ಒಂದು ಮೂಲೆ ಸಡಿಲವಾಗಿರುವುದು ಅಪರೂಪವೇನಲ್ಲ.

ಕೆಲವರು ಬಯಾಸ್‌ಗೆ ಹೋಗಿ ಎಚ್ಚರಿಕೆಯ ಮಿತಿಯನ್ನೇ ಏರಿಸಿ ಸದ್ದಡಗಿಸುತ್ತಾರೆ. ನನಗದು ಸರಿಕಾಣದು. 2000ದಲ್ಲಿ ಬಂದ ಪೆಂಟಿಯಂ 4 ಕಾಲದಿಂದಲೇ ಪ್ರೊಸೆಸರ್‌ಗಳು ಬಿಸಿ ಮಿತಿಮೀರಿದಾಗ ತಮ್ಮ ಕೆಲಸವನ್ನು ತಾವೇ ನಿಧಾನಿಸುವುದನ್ನು ಕಲಿತಿವೆ ನಿಜ. ಆದರೆ ಕೊನೆಗೆ ಯಂತ್ರ ಆರಿದಾಗ ಹೋಗುವುದು ನಿಮ್ಮ ವರದಿ.

ಇನ್ನೊಂದು ಸಂಗತಿ. ತಣ್ಣಗಿರುವ ಯಂತ್ರ ಹಚ್ಚಿದ ಕೂಡಲೇ ಕೂಗಿದರೆ ಅದು ಬಿಸಿಲಿನ ದೋಷವಲ್ಲ. ಪ್ರೊಸೆಸರ್‌ನ ಫ್ಯಾನ್ ತಿರುಗುತ್ತಿದೆಯೇ, ಅದರ ತಂತಿ ಮದರ್‌ಬೋರ್ಡಿನಲ್ಲಿ ಅದಕ್ಕೆಂದೇ ಇರುವ ಕೊಂಡಿಗೆ ಸೇರಿದೆಯೇ ಎಂದು ನೋಡಿ. ಬೇರೆ ಕೊಂಡಿಗೆ ಸಿಕ್ಕಿಸಿದ್ದರೆ ಫ್ಯಾನ್ ತಿರುಗುತ್ತಿದ್ದರೂ ಬೋರ್ಡ್ ಅದನ್ನು ಕಾಣದೆ ಕೂಗುತ್ತಲೇ ಇರುತ್ತದೆ.