ನೀಲಗಿರಿ ಮರವೂ ಕಡೆತದ ಕೆಲಸವೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಬಹುಮಾನಕ್ಕೆ ಸ್ಟೀಲ್ ಲೋಟಗಳ ಬದಲು ನಮ್ಮ ನಾಡಿನ ಮರದ ಸಾಮಾನು ತರಿಸೋಣವೆಂಬ ಸಲಹೆ ಸಮಿತಿಯಲ್ಲಿ ಬಂದಾಗ, "ನೀಲಗಿರಿಯದು ಮಾತ್ರ ಬೇಡ, ಅದು ಬಿರಿಯುತ್ತದೆ" ಎಂದು ಹಿರಿಯರೊಬ್ಬರು ಅಪ್ಪಣೆ ಕೊಡಿಸಿದರು. ಬಿರಿಯುವುದು ನಿಜ. ಆದರೆ ತೀರ್ಪಿಗೆ ಮುಂಚೆ ಒಂದು ವಿಚಾರಣೆಯಾದರೂ ನಡೆಯಲಿ ಎಂಬುದು ನನ್ನ ಬಿನ್ನಹ.

ಮೊಸರನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಎರಡರಲ್ಲಿಯೂ ಅವಸರ ಸಲ್ಲದು. ಚನ್ನಪಟ್ಟಣದ ಕಸಬುದಾರರು ಆಲೆಮರವನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಅದು ಬಿಳುಪು, ನಯ, ಉಳಿಗೆ ಮೃದು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ.

ನೀಲಗಿರಿಯ ಕುಲ ಬೇರೆ. ಅದರ ತವರು ಆಸ್ಟ್ರೇಲಿಯ. ಸುಮಾರು 1790ರಲ್ಲಿ ಟಿಪ್ಪುವಿನ ಕಾಲಕ್ಕೆ ನಂದಿಬೆಟ್ಟದಲ್ಲಿ ನೆಟ್ಟರೆನ್ನುತ್ತಾರೆ. 1843ರಿಂದೀಚೆಗೆ ಉದಕಮಂಡಲದ ಸುತ್ತ ಬೆಳೆಸಿದ್ದರಿಂದ ನಮ್ಮವರ ಬಾಯಲ್ಲಿ ಮರಕ್ಕೆ ಬೆಟ್ಟದ ಹೆಸರೇ ನಿಂತಿತು. ಆಮೇಲೆ ಸೌದೆಗೂ ಕಾಗದದ ಕಾರ್ಖಾನೆಗೂ ಮೈದಾನದ ತುಂಬ ನೆಟ್ಟರು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ನೀರಿನ ಆ ಜಗಳ ಇಲ್ಲಿ ಬೇಡ. ಕಡಿದು ಬಿದ್ದಿರುವ ಮರದ ಮಾತು ನನ್ನದು.

ಅದು ಬಿರಿಯುವುದೇಕೆ? ಬೇಗಬೇಗ ಬೆಳೆಯುವ ಈ ಮರದ ಹೊರಮೈ ಸದಾ ಬಿಗಿದು ಎಳೆಯುತ್ತಿರುತ್ತದೆ, ಒಳತಿರುಳು ಅದುಮಿಸಿಕೊಂಡಿರುತ್ತದೆ. ನಿಂತಿರುವಾಗ ಎರಡೂ ಸರಿತೂಗುತ್ತವೆ. ಗರಗಸ ಬಿದ್ದೊಡನೆ ಕಟ್ಟು ಸಡಿಲಿ ದಿಮ್ಮಿಯ ತುದಿ ನಕ್ಷತ್ರದ ಹಾಗೆ ಸೀಳುತ್ತದೆ. ಎಳೆಯ ಸಣ್ಣ ಮರದಲ್ಲಿ ಈ ಎಳೆದಾಟ ಇನ್ನೂ ಹೆಚ್ಚು. ನಮ್ಮಲ್ಲಿ ಕಾರ್ಖಾನೆಗೆಂದು ಏಳೆಂಟು ವರ್ಷಕ್ಕೇ ಕಡಿಯುವುದು ರೂಢಿ. ಅವಧಿಗೆ ಮುಂಚೆ ಠೇವಣಿ ಮುರಿಸಿ ಬಡ್ಡಿ ಕಡಿಮೆಯಾಯಿತೆಂದು ಕೌಂಟರಿನ ಮುಂದೆ ಗದ್ದಲ ಮಾಡುವವರನ್ನು ನಾನು ದಿನವೂ ನೋಡುತ್ತೇನೆ; ಮರದ ಮೇಲಿನ ಈ ದೂರೂ ಅದೇ ಜಾತಿಯದು.

ಎರಡನೆಯ ತೊಡಕು ಒಣಗುವಾಗಿನದು. ಯಾವ ಮರವೂ ತಿರುಳಿನ ದಿಕ್ಕಿಗಿಂತ ಉಂಗುರದ ಗುಂಟ ಸುಮಾರು ಎರಡರಷ್ಟು ಕುಗ್ಗುತ್ತದೆ. ನೀಲಗಿರಿಯಲ್ಲಿ ಕುಗ್ಗುವಿಕೆಯೇ ಜಾಸ್ತಿ, ಎಳೆಯೂ ಹೆಣೆದುಕೊಂಡಿರುತ್ತದೆ. ಹಸಿಯದನ್ನು ತೆಳ್ಳಗೆ ಕಡೆದರೆ ದುಂಡನೆಯ ಬಟ್ಟಲು ವಾರದಲ್ಲಿ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಬಲ್ಲವರು ವಯಸ್ಸಾದ ದಪ್ಪ ಮರ ಹುಡುಕಿ, ಕಡಿದ ದಿನವೇ ತುದಿಗಳಿಗೆ ಮೇಣ ಬಳಿದು, ನಡುತಿರುಳನ್ನು ಸೀಳಿ ತೆಗೆದುಹಾಕುತ್ತಾರೆ. 10 ಅಂಗುಲದ ಬಟ್ಟಲಾದರೆ ಗೋಡೆ 1 ಅಂಗುಲ ದಪ್ಪ ಇರುವಂತೆ ಮೊದಲು ಒರಟಾಗಿ ಕಡೆದು, ನೆರಳಿನಲ್ಲಿ ಹೊಟ್ಟಿನೊಳಗೆ ಹೂತಿಟ್ಟು ತಿಂಗಳುಗಟ್ಟಲೆ ಮರೆತುಬಿಡುತ್ತಾರೆ. ತೂಕ ಇಳಿಯುವುದು ನಿಂತಮೇಲೆ ಎರಡನೆಯ ಸಲ ಲೇತಿಗೆ ಏರಿಸಿ ಕಡೆಯುತ್ತಾರೆ. ಮರ ಗಟ್ಟಿ, ಉಳಿಯನ್ನು ಮತ್ತೆಮತ್ತೆ ಮಸೆಯಬೇಕು. ಕೊನೆಗೆ ಹೊರಬರುವ ಆ ಕೆಂಗಂದು ಬಣ್ಣಕ್ಕೆ ಅರಗೂ ಬೇಕಿಲ್ಲ, ಎಣ್ಣೆ ಸಾಕು.

ಇಷ್ಟು ಕೆಲಸಕ್ಕೆ ನಾವು ಕೊಡುವ ಬೆಲೆಯೇನು? ಊರಿಗೆ ಹೋದಾಗ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ತಿಂಗಳುಗಟ್ಟಲೆ ಮರ ಒಣಗಿಸಿಡಲು ಬಡ ಕಸಬುದಾರನಿಗೆ ಬಂಡವಾಳವೆಲ್ಲಿ? ಆತ ಹಸಿಯದನ್ನೇ ಕಡೆದು ಮಾರುತ್ತಾನೆ, ಅದು ನಮ್ಮ ಮನೆಯ ಶೋಕೇಸಿನಲ್ಲಿ ಬಿರಿಯುತ್ತದೆ, ನಾವು ಮರವನ್ನು ಬಯ್ಯುತ್ತೇವೆ.

ಆದ್ದರಿಂದ ಸಮಿತಿಯವರಲ್ಲಿ ಕೇಳಿಕೊಳ್ಳುವುದಿಷ್ಟು. ಪುಟ್ಟ ಮಕ್ಕಳಿಗೆ ಆಲೆಮರದ ಅರಗಿನ ಬೊಂಬೆಗಳೇ ಇರಲಿ; ಹಗುರ, ನಯ. ದೊಡ್ಡವರ ಸ್ಪರ್ಧೆಗಳಿಗೆ ನೀಲಗಿರಿಯ ಬಟ್ಟಲು, ಲಟ್ಟಣಿಗೆ, ಕಡಗೋಲು ಮಾಡಿಸೋಣ. ಮುಂದಿನ ನವೆಂಬರಿಗೆ ಬೇಕಾದರೆ ಮುಂಗಡ ಹಣ ಈ ತಿಂಗಳೇ ಹೋಗಬೇಕು. ಖಜಾಂಚಿಗಳು ನನ್ನತ್ತ ನೋಡುತ್ತಿದ್ದಾರೆ. ನನ್ನ ಪಾಲಿನ ಚಂದಾ ಈಗಲೇ ತಂದಿದ್ದೇನೆ.