ಪದಕ್ಕೊಂದು ಚೀಟಿ

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಸ್. ಎಂ. ಕತ್ರೆಯವರು 1948ರಲ್ಲಿ ಆರಂಭಿಸಿದ ಸಂಸ್ಕೃತ ಮಹಾಕೋಶದ ಕಾರ್ಯಾಲಯದಲ್ಲಿ, ಸುಮಾರು ಒಂದೂವರೆ ಸಾವಿರ ಗ್ರಂಥಗಳಿಂದ ಆಯ್ದುಕೊಂಡ ಒಂದು ಕೋಟಿಯಷ್ಟು ಚೀಟಿಗಳು ಕಪಾಟುಗಳಲ್ಲಿ ಅಣಿಗೊಂಡಿವೆ. ಚೀಟಿಯಲ್ಲಿ ಪದವಿದೆ, ಆ ಪದವು ಪ್ರಯುಕ್ತವಾದ ವಾಕ್ಯವಿದೆ, ಆಕರಗ್ರಂಥದ ಉಲ್ಲೇಖವಿದೆ. ಮೊದಲ ಭಾಗ ಅಚ್ಚಾದುದು 1976ರಲ್ಲಿ. ಅನಂತರವೂ ಕೋಶವು ದಶಕಗಳ ಕಾಲ ಅಕಾರದಲ್ಲಿಯೇ ಸಂಚರಿಸಿತೆಂದರೆ ವಿದ್ವಾಂಸರ ತಾಳ್ಮೆಯನ್ನು ಊಹಿಸಬಹುದು!

ಅದೇ ನಗರದ ಅಪ್ಪಾ ಬಲವಂತ ಚೌಕದ ಪುಸ್ತಕದಂಗಡಿಗಳಲ್ಲಿ, ಸ್ಪರ್ಧಾ ಪರೀಕ್ಷೆಗೆ ಸಿದ್ಧರಾಗುವ ತರುಣರು ಕಠಿಣವಾದ ಇಂಗ್ಲಿಷ್ ನಾಮಪದಗಳ ಪಟ್ಟಿಯುಳ್ಳ ಪುಸ್ತಕಗಳನ್ನು ಕೊಂಡೊಯ್ಯುತ್ತಾರೆ. ಆ ಉತ್ಸಾಹ ಶ್ಲಾಘ್ಯವೇ. ಆದರೆ ಪದವನ್ನೂ ಅರ್ಥವನ್ನೂ ಮಾತ್ರ ಬಾಯಿಪಾಠ ಮಾಡಿದವನು ಬರೆಯಲು ಕುಳಿತಾಗ ತಡವರಿಸುವುದು ಅನಿವಾರ್ಯ. ‘ಅಲೀಜಿಯನ್ಸ್’ ಎಂದರೆ ನಿಷ್ಠೆಯೆಂದು ತಿಳಿದರಷ್ಟೇ ಸಾಲದು; ಅದು ‘ಪ್ಲೆಜ್’ ಎಂಬ ಕ್ರಿಯಾಪದದೊಡನೆ ಬರುತ್ತದೆ, ‘ಟು’ ಎಂಬುದನ್ನು ಹಿಂದೆ ಕರೆತರುತ್ತದೆ, ರಾಷ್ಟ್ರಕ್ಕೋ ಪಕ್ಷಕ್ಕೋ ಸಲ್ಲುತ್ತದೆ, ಹಲ್ಲುಪುಡಿಯ ಆಯ್ಕೆಗೆ ಸಲ್ಲುವುದಿಲ್ಲ. ಇಷ್ಟನ್ನು ಮಹಾಕೋಶದ ಚೀಟಿಯಲ್ಲಿರುವಂತಹ ವಾಕ್ಯವೇ ಕಲಿಸತಕ್ಕದ್ದು, ಪಟ್ಟಿಯಲ್ಲ.

ಆದುದರಿಂದ, ಇಂಗ್ಲಿಷನ್ನು ಬೆಳೆಸಿಕೊಳ್ಳಬಯಸುವ ವಿದ್ಯಾರ್ಥಿಗಳೇ, ಇಂದಿನ ಪತ್ರಿಕೆಯ ಸಂಪಾದಕೀಯದಿಂದ ಒಂದೇ ಒಂದು ಅಪರಿಚಿತ ನಾಮಪದವನ್ನು ಆರಿಸಿ, ಅದಿರುವ ವಾಕ್ಯವನ್ನು ಪೂರ್ಣವಾಗಿ ಚೀಟಿಯೊಂದರಲ್ಲಿ ಬರೆದುಕೊಂಡು, ಕೆಳಗೆ ನಿಮ್ಮದೇ ಆದ ಮತ್ತೊಂದು ವಾಕ್ಯವನ್ನು ಸೇರಿಸಿರಿ.