ಬೇಸಿಗೆಯ ಶಿಬಿರದಲ್ಲಿ ಪ್ರಾರ್ಥನೆಯ ಪಾಲು

ಏಪ್ರಿಲ್ ತಿಂಗಳು ಬಂತೆಂದರೆ ಮಕ್ಕಳಿಗೆ ರಜ. ತಾಯಂದಿರಿಗೆ ಇಮ್ಮಡಿ ಕೆಲಸ. ಈ ದಿನಗಳಲ್ಲಿ ನಮ್ಮ ಪಟ್ಟಣಗಳ ಅನೇಕ ಚರ್ಚುಗಳಲ್ಲಿ ಮಕ್ಕಳಿಗಾಗಿ ರಜಾಕಾಲದ ಬೈಬಲ್ ಶಾಲೆ ನಡೆಯುವುದನ್ನು ನೀವು ಬಲ್ಲಿರಿ. ಹಾಡು, ಕಥೆ, ಬಣ್ಣದ ಕಾಗದದ ಕೆಲಸ, ಆಟ. ನೆರೆಮನೆಯ ಹಿಂದೂ ಮುಸಲ್ಮಾನ ಮಕ್ಕಳೂ ಗೆಳೆಯರ ಜೊತೆಗೆ ಹೋಗುವುದುಂಟು. ಅಲ್ಲಿ ಧರ್ಮದ ಸ್ಥಾನವೆಷ್ಟು ಎಂದು ಹೆತ್ತವರು ಕೇಳುವುದು ಸಹಜವೇ.

ಈ ಪದ್ಧತಿ ಬೆಳೆದದ್ದು ನ್ಯೂಯಾರ್ಕ್ ನಗರದಲ್ಲಿ. 1898ರಲ್ಲಿ ಶ್ರೀಮತಿ ಎಲೈಜಾ ಹಾಸ್ ಎಂಬವರು ಬೀದಿಯ ಮಕ್ಕಳಿಗಾಗಿ ಇಂಥದೊಂದು ಶಾಲೆಯನ್ನು ತೆರೆದರು. ಬಾಡಿಗೆಗೆ ಸಿಕ್ಕ ಜಾಗ ಬಿಯರ್ ಮಾರುವ ಅಂಗಡಿಯ ಸಭಾಂಗಣ! 1901ರಲ್ಲಿ ರಾಬರ್ಟ್ ಬೋವಿಲ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಅದನ್ನೊಂದು ಚಳವಳಿಯನ್ನಾಗಿ ಮಾಡಿದರು. ಬೇಸಿಗೆಯಲ್ಲಿ ಮಕ್ಕಳಿಗೆ ಕೆಲಸವಿಲ್ಲ, ಕಾಲೇಜು ವಿದ್ಯಾರ್ಥಿಗಳಿಗೂ ಬಿಡುವು, ವಾರದ ದಿನಗಳಲ್ಲಿ ಚರ್ಚಿನ ಕಟ್ಟಡವೂ ಖಾಲಿ. ಈ ಮೂರನ್ನೂ ಅವರು ಒಂದುಗೂಡಿಸಿದರು. ಮಕ್ಕಳನ್ನು ಬೀದಿಯಿಂದ ಒಳಗೆ ಕರೆಯುವುದೂ ಬೈಬಲನ್ನು ಕಲಿಸುವುದೂ ಅಲ್ಲಿ ಮೊದಲಿನಿಂದಲೂ ಜೊತೆಯಾಗಿಯೇ ಇದ್ದವು.

ಆದ್ದರಿಂದ ಚರ್ಚಿನ ಶಿಬಿರದಲ್ಲಿ ಪ್ರಾರ್ಥನೆಯೇಕೆ ಎಂದು ಆಕ್ಷೇಪಿಸುವುದು ನನಗೆ ಸರಿದೋರುವುದಿಲ್ಲ. ತನ್ನ ಮಕ್ಕಳಿಗೆ ತನ್ನ ಧರ್ಮವನ್ನು ಹೇಳಿಕೊಡುವ ಹಕ್ಕು ಯಾವ ಸಮುದಾಯಕ್ಕೂ ಉಂಟಷ್ಟೆ. ತೊಡಕಿರುವುದು ಬೇರೆಡೆ. ರಾತ್ರಿ ತಂಗುವ ಕೆಲವು ಶಿಬಿರಗಳಲ್ಲಿ ಕೊನೆಯ ದಿನ ಬೆಂಕಿಯ ಸುತ್ತ ಮಕ್ಕಳನ್ನು ಕೂರಿಸಿ, ಮೆಲುದನಿಯಲ್ಲಿ ಹಾಡಿಸಿ, ಯೇಸುವನ್ನು ಸ್ವೀಕರಿಸುವವರು ಕೈಯೆತ್ತಿರಿ ಎನ್ನುವ ವಾಡಿಕೆಯಿದೆ. ದಿನವೆಲ್ಲ ಓಡಾಡಿ ದಣಿದ ಎಂಟು ವರ್ಷದ ಮಗು, ಸುತ್ತ ಕತ್ತಲೆ, ಪಕ್ಕದ ಗೆಳತಿ ಕೈಯೆತ್ತಿದ್ದಾಳೆ. ಇದೂ ಎತ್ತುತ್ತದೆ. ಅದು ನಂಬಿಕೆಯೋ, ಒಂಟಿಯಾಗುವ ಅಂಜಿಕೆಯೋ? ಕ್ರೈಸ್ತರ ಮನೆಯ ಮಗುವಿನ ವಿಷಯದಲ್ಲೂ ಈ ಪ್ರಶ್ನೆಯನ್ನು ಕೇಳಲೇಬೇಕು. ಅಂಥ ಎಣಿಕೆಯನ್ನು ವರದಿಯಲ್ಲಿ ಬರೆದು ಹಿಗ್ಗುವುದಂತೂ ನನಗೆ ಒಪ್ಪಿಗೆಯಿಲ್ಲ.

ನಮ್ಮ ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡವನ್ನು ಇಲ್ಲಿ ನೆನೆಯಬಹುದು. ಸರ್ಕಾರದ ಮನ್ನಣೆ ಇಲ್ಲವೆ ಧನಸಹಾಯ ಪಡೆದ ವಿದ್ಯಾಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಮಗು ಅಪ್ರಾಪ್ತ ವಯಸ್ಸಿನದಾದರೆ ಪೋಷಕರ ಒಪ್ಪಿಗೆ ಬೇಕು. ರಜೆಯ ಶಿಬಿರ ಶಾಲೆಯಲ್ಲ, ನಿಜ. ಆದರೆ ನಡೆಸುವವರು ಅದೇ ನಡತೆಯನ್ನು ತಾವಾಗಿಯೇ ಪಾಲಿಸಿದರೆ ಅವರ ಧರ್ಮಕ್ಕೇನೂ ಕುಂದಿಲ್ಲ. ಪ್ರಾರ್ಥನೆ ಎಷ್ಟು ಹೊತ್ತಿಗೆ, ಪಾಠ ಯಾವುದು ಎಂಬುದನ್ನು ಮೊದಲೇ ಅಚ್ಚುಹಾಕಿಸಿ ಮನೆಗೆ ಕಳುಹಿಸಲಿ. ಆಗ ಬೇಡವೆಂದವರ ಮಗು ಆ ಹೊತ್ತಿನಲ್ಲಿ ಚೆಂಡಾಡಿಕೊಂಡಿರಬಹುದು.

ನೀವೂ ಹೆಸರು ಬರೆಸುವ ಮುನ್ನ ಆ ವೇಳಾಪಟ್ಟಿಯನ್ನು ಕೇಳಿ ಪಡೆಯಿರಿ. ಮಗು ಹಿಂತಿರುಗಿ ಬಂದು ಅಲ್ಲಿ ಕಲಿತ ಹಾಡನ್ನು ಹಜಾರದಲ್ಲಿ ಗಟ್ಟಿಯಾಗಿ ಹಾಡತೊಡಗಿದರೆ ಗದರಬೇಡಿ. ಪೂರ್ತಿ ಹಾಡಲು ಬಿಟ್ಟು, ಅಲ್ಲಿ ಇನ್ನೇನೇನು ಹೇಳಿದರೆಂದು ಕೇಳಿರಿ.